ಮೂಡಲ್ ಸೈಟ್ ಕೈಕೊಟ್ಟಾಗ: ರಿಪೇರಿ ಒಂದು ದಿನ, ಅಪ್‌ಗ್ರೇಡ್ ಇನ್ನೊಂದು ದಿನ

ಕೊರೊನಾ ಕಾಲದಲ್ಲಿ ನಮ್ಮ ವಿಜಯಪುರದ ಕಡೆ ಕೆಲವು ಕಾಲೇಜು, ಕೋಚಿಂಗ್ ಕೇಂದ್ರಗಳು ಆನ್‌ಲೈನ್ ಪಾಠ, ಪರೀಕ್ಷೆ ನಡೆಸಲು ಸ್ವಂತ ಮೂಡಲ್ ಸೈಟ್ ಹಾಕಿಸಿಕೊಂಡವು. ಹಾಕಿಕೊಟ್ಟ ಹುಡುಗ ಕೆಲಸ ಸಿಕ್ಕು ಪುಣೆಗೋ ಬೆಂಗಳೂರಿಗೋ ಹೋದ. ಪಾಸ್‌ವರ್ಡ್ ಬರೆದ ಚೀಟಿ ಮಾತ್ರ "ಕಂಪ್ಯೂಟರ್ ತಿಳೀತದ" ಅನ್ನಿಸಿಕೊಂಡ ಒಬ್ಬ ಮಾಸ್ತರರ ಕೈಗೆ ಬಂತು. ಈ ಲೇಖನ ಆ ಮಾಸ್ತರರಿಗೆ.

ಕೋಡ್ ಬರೆಯಲು ಬರಬೇಕಾಗಿಲ್ಲ. ಹೋಸ್ಟಿಂಗ್‌ನ (ಸೈಟ್ ಇಡಲು ಬಾಡಿಗೆಗೆ ಪಡೆದ ಸರ್ವರ್) ಸಿಪ್ಯಾನೆಲ್ ಎಂಬ ನಿಯಂತ್ರಣ ಪುಟದ ಲಾಗಿನ್ ಮತ್ತು ಮೂಡಲ್‌ನ ಅಡ್ಮಿನ್ ಲಾಗಿನ್ ಎರಡೂ ಕೈಯಲ್ಲಿದ್ದರೆ ಸಾಕು. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸೈಟ್ ಕೆಟ್ಟಿದೆ ಅಂತ ಅಪ್‌ಗ್ರೇಡ್ ಮಾಡಲು ಹೋಗಬೇಡಿ. ಕೆಟ್ಟಿದ್ದನ್ನು ಮೊದಲು ಇದ್ದ ವರ್ಷನ್‌ನಲ್ಲೇ ಸರಿ ಮಾಡಿ, ಒಂದೆರಡು ದಿನ ಚೆನ್ನಾಗಿ ನಡೆಯಲಿ, ಆಮೇಲೆ ಅಪ್‌ಗ್ರೇಡ್. ಎರಡನ್ನೂ ಸೇರಿಸಿದರೆ ಯಾವುದರಿಂದ ಏನು ಕೆಟ್ಟಿತು ಅಂತ ಯಾರಿಗೂ ಹೇಳಲು ಆಗುವುದಿಲ್ಲ.

ಮೊದಲು ಏನು ಎಲ್ಲಿದೆ ಅಂತ ತಿಳಿದುಕೊಳ್ಳಿ

ಮೂಡಲ್ ಅನ್ನು ಆಸ್ಟ್ರೇಲಿಯಾದ ಮಾರ್ಟಿನ್ ಡೌಗಿಯಾಮಾಸ್ 2002ರಲ್ಲಿ ಬಿಡುಗಡೆ ಮಾಡಿದರು. ಮುಕ್ತ ತಂತ್ರಾಂಶ, ಲೈಸೆನ್ಸ್ ಫೀಸ್ ಇಲ್ಲ. ಫೀಸ್ ಇಲ್ಲ ಅಂದ ಮೇಲೆ ನೋಡಿಕೊಳ್ಳುವ ಜವಾಬ್ದಾರಿಯೂ ನಮ್ಮದೇ.

ನಿಮ್ಮ ಸರ್ವರ್‌ನಲ್ಲಿ ಮೂಡಲ್ ಮೂರು ಕಡೆ ಕೂತಿರುತ್ತದೆ. ಒಂದು, ಕೋಡ್ ಇರುವ ಫೋಲ್ಡರ್. ಇದು ಸಾಮಾನ್ಯವಾಗಿ ಪಬ್ಲಿಕ್ ಎಚ್‌ಟಿಎಂಎಲ್ ಒಳಗಿರುತ್ತದೆ. ಎರಡು, ಡೇಟಾಬೇಸ್. ವಿದ್ಯಾರ್ಥಿಗಳ ಹೆಸರು, ಅಂಕ, ಪ್ರಶ್ನೆಗಳು, ಕ್ವಿಜ್ ಉತ್ತರಗಳು ಎಲ್ಲ ಇಲ್ಲಿ. ಮೂರು, ಮೂಡಲ್‌ಡೇಟಾ ಎಂಬ ಫೋಲ್ಡರ್. ನೀವು ಹಾಕಿದ ಪಿಡಿಎಫ್, ಹುಡುಗರು ಕಳಿಸಿದ ಅಸೈನ್‌ಮೆಂಟ್ ಇದರಲ್ಲಿರುತ್ತವೆ. ಈ ಮೂರಕ್ಕೂ ಗಂಟು ಹಾಕುವುದು ಕೋಡ್ ಫೋಲ್ಡರ್‌ನಲ್ಲಿರುವ ಕಾನ್ಫಿಗ್ ಎಂಬ ಒಂದು ಚಿಕ್ಕ ಪಿಎಚ್‌ಪಿ (ಮೂಡಲ್ ಬರೆದಿರುವ ಭಾಷೆ) ಫೈಲ್.

ಆ ಕಾನ್ಫಿಗ್ ಫೈಲನ್ನು ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರ್‌ನಲ್ಲಿ ತೆರೆದು ಒಮ್ಮೆ ಓದಿ. ಮುಟ್ಟಬೇಡಿ, ಓದಿ ಅಷ್ಟೇ. ಐದು ಸಾಲು ಮುಖ್ಯ: ಡೇಟಾಬೇಸ್ ಹೆಸರು, ಅದರ ಯೂಸರ್, ಪಾಸ್‌ವರ್ಡ್, ಸೈಟಿನ ವಿಳಾಸ, ಮೂಡಲ್‌ಡೇಟಾ ಇರುವ ಜಾಗ. ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀಗದ ಕಪಾಟಿನಲ್ಲಿಡಿ. ಜೊತೆಗೆ ಡೊಮೇನ್ ಯಾರ ಹೆಸರಿನಲ್ಲಿದೆ, ಯಾವ ತಿಂಗಳು ರಿನ್ಯೂ ಆಗಬೇಕು ಅನ್ನುವುದನ್ನೂ ಬರೆಯಿರಿ. ಎಷ್ಟೋ ಸಲ ಹಾಕಿಕೊಟ್ಟ ಹುಡುಗನ ಸ್ವಂತ ಇಮೇಲ್‌ಗೇ ರಿನ್ಯೂವಲ್ ನೋಟಿಸ್ ಹೋಗುತ್ತಿರುತ್ತದೆ.

ಮೂಡಲ್‌ಡೇಟಾ ಒಳಗೆ ಫೈಲ್‌ಡಿರ್ ಅಂತ ಒಂದು ಫೋಲ್ಡರ್ ಇದೆ. ಅದರೊಳಗೆ ನಿಮ್ಮ ಪಿಡಿಎಫ್ ಹೆಸರು ಹುಡುಕಿದರೆ ಸಿಗುವುದಿಲ್ಲ. ಫೈಲ್‌ನ ಒಳಗಿನ ವಿಷಯದಿಂದ ಲೆಕ್ಕ ಹಾಕಿದ 40 ಅಕ್ಷರದ ಗುರುತನ್ನೇ ಮೂಡಲ್ ಹೆಸರಾಗಿ ಇಟ್ಟುಕೊಳ್ಳುತ್ತದೆ. ಒಂದೇ ನೋಟ್ಸನ್ನು ಹತ್ತು ಕೋರ್ಸ್‌ಗೆ ಹಾಕಿದರೂ ಅಲ್ಲಿ ಇರುವುದು ಒಂದೇ ಪ್ರತಿ. ಹಾಗಾಗಿ "ಇವೇನೋ ಕಸದ ಫೈಲು" ಅಂತ ಅಲ್ಲಿ ಏನನ್ನೂ ಅಳಿಸಬಾರದು.

"ಸರ್ರ, ಸೈಟ್ ಓಪನ್ ಆಗವಲ್ದ್ರಿ"

ಇಂಡಿಯಿಂದಲೋ ಸಿಂದಗಿಯಿಂದಲೋ ವಿದ್ಯಾರ್ಥಿ ಫೋನ್ ಮಾಡಿದಾಗ ಮೊದಲು ಕೇಳಬೇಕಾದ್ದು, "ಸ್ಕ್ರೀನ್ ಮ್ಯಾಲೆ ಏನ್ ಬರಾಕತ್ತೇದಪ್ಪ? ಫೋಟೋ ಕಳಸು." ಓಪನ್ ಆಗ್ತಿಲ್ಲ ಅನ್ನುವುದರಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಕಾಯಿಲೆ ಅಡಗಿರುತ್ತವೆ. ಫೋಟೋ ಬರುವ ಹೊತ್ತಿಗೆ ನೀವೂ ಕಾಲೇಜಿನ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಸೈಟ್ ತೆರೆದು ನೋಡಿ. ಮೊಬೈಲ್‌ನಲ್ಲಿ ಬಂದು ವೈಫೈನಲ್ಲಿ ಬಾರದಿದ್ದರೆ ತೊಂದರೆ ಮೂಡಲ್‌ದಲ್ಲ.

ಬ್ರೌಸರ್ "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಅಂತ ಕೆಂಪು ಎಚ್ಚರಿಕೆ ತೋರಿಸಿದರೆ ಸೈಟಿನ ಸುರಕ್ಷತೆಯ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಅವಧಿ ಸಾಮಾನ್ಯವಾಗಿ ಮುಗಿದಿರುತ್ತದೆ. ಸಿಪ್ಯಾನೆಲ್‌ನ ಎಸ್‌ಎಸ್‌ಎಲ್ ಸ್ಟೇಟಸ್ ಪುಟದಲ್ಲಿ ಮತ್ತೆ ಓಡಿಸಿದರೆ ಮುಗಿಯಿತು. ಡೇಟಾಬೇಸ್ ಸಂಪರ್ಕ ವಿಫಲ ಅನ್ನುವ ಸಂದೇಶ ಬಂದರೆ ಎರಡು ಸಾಧ್ಯತೆ: ಹೋಸ್ಟಿಂಗ್ ಕಡೆ ಡೇಟಾಬೇಸ್ ಸರ್ವರ್ ನಿಂತಿದೆ, ಇಲ್ಲವೇ ಯಾರೋ ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿ ಕಾನ್ಫಿಗ್ ಫೈಲಿನಲ್ಲಿ ಹಳೆಯದನ್ನೇ ಬಿಟ್ಟಿದ್ದಾರೆ.

ಲಾಗಿನ್ ಒತ್ತಿದರೆ ಮತ್ತೆ ಲಾಗಿನ್ ಪುಟವೇ ಬರುತ್ತಿದೆಯಾ? ಅಥವಾ ಫೋಲ್ಡರ್ ಮಾಡಲು ಅನುಮತಿ ಇಲ್ಲ ಅನ್ನುವ ಎರರ್ ಬರುತ್ತಿದೆಯಾ? ಮೊದಲು ಡಿಸ್ಕ್ ನೋಡಿ. ಸಿಪ್ಯಾನೆಲ್‌ನ ಬದಿಯಲ್ಲಿ ಎಷ್ಟು ಜಾಗ ಬಳಕೆಯಾಗಿದೆ ಅಂತ ಇರುತ್ತದೆ. ಅದರ ಕೆಳಗೇ ಫೈಲ್‌ಗಳ ಸಂಖ್ಯೆಯ ಲೆಕ್ಕವೂ ಇರಬಹುದು, ಅದನ್ನು ಐನೋಡ್ ಅನ್ನುತ್ತಾರೆ. ಅಗ್ಗದ ಹೋಸ್ಟಿಂಗ್‌ನಲ್ಲಿ ಜಾಗ ಇದ್ದರೂ ಫೈಲ್‌ಗಳ ಸಂಖ್ಯೆಯ ಮಿತಿ ಮುಗಿದು ಸೈಟ್ ನಿಲ್ಲುತ್ತದೆ. ಮೂಡಲ್ ಸಣ್ಣ ಸಣ್ಣ ಕ್ಯಾಶ್ (ತಾತ್ಕಾಲಿಕ) ಫೈಲ್‌ಗಳನ್ನು ರಾಶಿ ಹಾಕುತ್ತದೆ, ಅಲ್ವಾ. ಮೂಡಲ್‌ಡೇಟಾ ಒಳಗಿನ ಕ್ಯಾಶ್, ಲೋಕಲ್‌ಕ್ಯಾಶ್, ಟೆಂಪ್ ಫೋಲ್ಡರ್‌ಗಳ ಒಳಗಿನದನ್ನು ಅಳಿಸಬಹುದು, ಅವನ್ನು ಮೂಡಲ್ ಮತ್ತೆ ತಾನೇ ಮಾಡಿಕೊಳ್ಳುತ್ತದೆ. ಜಾಗ ತಿನ್ನುವ ನಿಜವಾದ ಕಳ್ಳ ಬೇರೆ: ಪ್ರತಿ ಕೋರ್ಸಿನ ಆಟೋಮ್ಯಾಟಿಕ್ ಬ್ಯಾಕಪ್. ಅಡ್ಮಿನ್ ಸೆಟ್ಟಿಂಗ್‌ನಲ್ಲಿ ಕೋರ್ಸಿಗೆ ಎಷ್ಟು ಬ್ಯಾಕಪ್ ಉಳಿಸಬೇಕು ಅನ್ನುವುದನ್ನು ಒಂದಕ್ಕೋ ಎರಡಕ್ಕೋ ಇಳಿಸಿ.

ಸೈಟ್ ಮೆಂಟೆನೆನ್ಸ್‌ನಲ್ಲಿದೆ ಅನ್ನುವ ಪುಟ ಹೋಗುತ್ತಲೇ ಇಲ್ಲ, ಅಡ್ಮಿನ್ ಲಾಗಿನ್ ಕೂಡ ಆಗುತ್ತಿಲ್ಲ ಅಂದರೆ ಮೂಡಲ್‌ಡೇಟಾದಲ್ಲಿ ಕ್ಲೈಮೆಂಟೆನೆನ್ಸ್ ಎಂಬ ಎಚ್‌ಟಿಎಂಎಲ್ ಫೈಲ್ ಇದೆಯಾ ನೋಡಿ. ಯಾರೋ ಕಮಾಂಡ್ ಮೂಲಕ ಮೆಂಟೆನೆನ್ಸ್ ಹಾಕಿ ತೆಗೆಯಲು ಮರೆತಿರುತ್ತಾರೆ. ಆ ಫೈಲ್ ತೆಗೆದರೆ ಸೈಟ್ ತೆರೆದುಕೊಳ್ಳುತ್ತದೆ.

ಬಿಳಿ ಪುಟ ಮತ್ತು ಎರರ್ ಸಾಲು ಓದುವ ಬಗೆ

ಎಲ್ಲಕ್ಕಿಂತ ಹೆದರಿಸುವುದು ಖಾಲಿ ಬಿಳಿ ಪುಟ. ಒಂದು ಅಕ್ಷರವೂ ಇಲ್ಲ. ನಿಜ ಹೇಳಬೇಕೆಂದರೆ ಇದು ಅಷ್ಟು ಕೆಟ್ಟ ಕಾಯಿಲೆ ಅಲ್ಲ. ಎರರ್ ಬಂದಿದೆ, ಆದರೆ ತೋರಿಸಬೇಡ ಅಂತ ಸರ್ವರ್‌ಗೆ ಹೇಳಿಟ್ಟಿದ್ದಾರೆ, ಅಷ್ಟೇ. ಆ ಎರರ್ ಒಂದು ಫೈಲಿನಲ್ಲಿ ಬರೆದಿರುತ್ತದೆ.

ಸಿಪ್ಯಾನೆಲ್‌ನಲ್ಲಿ ಮೆಟ್ರಿಕ್ಸ್ ಭಾಗದ ಎರರ್ಸ್ ತೆರೆಯಿರಿ. ಇಲ್ಲವೇ ಕೋಡ್ ಫೋಲ್ಡರ್‌ನಲ್ಲೇ ಎರರ್ ಲಾಗ್ ಎಂಬ ಫೈಲ್ ಹುಡುಕಿ, ಅದರ ಕೊನೆಯ ಸಾಲುಗಳಿಗೆ ಹೋಗಿ. "ಫೇಟಲ್ ಎರರ್" ಅನ್ನುವ ಪದ ಇರುವ ಸಾಲೇ ನಿಮಗೆ ಬೇಕಾದ್ದು. ಉಳಿದ "ವಾರ್ನಿಂಗ್", "ನೋಟಿಸ್"ಗಳನ್ನು ಸದ್ಯಕ್ಕೆ ಬಿಡಿ. ಆ ಸಾಲಿನಲ್ಲಿ ಒಂದು ಉದ್ದನೆಯ ದಾರಿ ಇರುತ್ತದೆ: ಹೋಮ್, ನಿಮ್ಮ ಖಾತೆ, ಪಬ್ಲಿಕ್ ಎಚ್‌ಟಿಎಂಎಲ್, ಮೂಡಲ್, ಆಮೇಲೆ ಇನ್ನೊಂದಿಷ್ಟು. ಮೂಡಲ್ ಆದಮೇಲೆ ಬರುವ ಎರಡು ಹೆಸರನ್ನು ಮಾತ್ರ ಓದಿ. "ಬ್ಲಾಕ್ಸ್" ಆಮೇಲೆ ಒಂದು ಹೆಸರು ಇದ್ದರೆ ಆ ಹೆಸರಿನ ಬ್ಲಾಕ್ ಪ್ಲಗಿನ್ (ಮೂಡಲ್‌ಗೆ ಸೇರಿಸುವ ತುಣುಕು) ಕೆಟ್ಟಿದೆ. "ಥೀಮ್" ಆಮೇಲೆ ಇದ್ದರೆ ಆ ಥೀಮ್. "ಮಾಡ್" ಆಮೇಲೆ ಇದ್ದರೆ ಆ ಚಟುವಟಿಕೆ. "ಲಿಬ್" ಅಂತ ಇದ್ದರೆ ಮೂಡಲ್‌ನ ಸ್ವಂತ ಕೋಡ್, ಆಗ ಸಂಶಯ ಸಾಮಾನ್ಯವಾಗಿ ಪಿಎಚ್‌ಪಿ ವರ್ಷನ್ ಮೇಲೆ ಹೋಗಬೇಕು.

ಪ್ಲಗಿನ್ ಅಂತ ಗೊತ್ತಾದರೆ ಆ ಫೋಲ್ಡರನ್ನು ಕೋಡ್‌ನಿಂದ ಹೊರಗೆ, ನಿಮ್ಮ ಹೋಮ್ ಫೋಲ್ಡರ್‌ಗೆ ಸರಿಸಿ. ಅಳಿಸಬೇಡಿ. ಸೈಟ್ ಎದ್ದು ಕೂರುತ್ತದೆ. ಆಮೇಲೆ ಪ್ಲಗಿನ್ ಪಟ್ಟಿಯಲ್ಲಿ "ಡಿಸ್ಕ್‌ನಲ್ಲಿ ಕಾಣೆಯಾಗಿದೆ" ಅಂತ ಒಂದು ಸಾಲು ಬಂದು ಪಕ್ಕದಲ್ಲೇ ಅನ್‌ಇನ್‌ಸ್ಟಾಲ್ ಅಂತ ಕಾಣಿಸುತ್ತದೆ. ಕೈ ತುರಿಸುತ್ತದೆ, ಆದರೂ ಒತ್ತಬೇಡಿ. ಒತ್ತಿದರೆ ಡೇಟಾಬೇಸ್‌ನಲ್ಲಿರುವ ಆ ಪ್ಲಗಿನ್‌ನ ಮಾಹಿತಿ ಎಲ್ಲ ಹೋಗುತ್ತದೆ. ಅದು ಅಟೆಂಡೆನ್ಸ್ ಪ್ಲಗಿನ್ ಆಗಿದ್ದರೆ ವರ್ಷದ ಹಾಜರಿ ಹೋಯಿತು ಅಂತಲೇ ಲೆಕ್ಕ.

ಸೈಟ್ ತೆರೆಯುತ್ತದೆ, ಆದರೆ ಒಂದು ಪುಟದಲ್ಲಿ ಮಾತ್ರ ಎರರ್ ಬರುತ್ತಿದ್ದರೆ ಸೈಟ್ ಅಡ್ಮಿನಿಸ್ಟ್ರೇಷನ್‌ನ ಡೆವಲಪ್‌ಮೆಂಟ್ ಭಾಗದಲ್ಲಿ ಡಿಬಗ್ಗಿಂಗ್ ಇದೆ. ಅದನ್ನು ಡೆವಲಪರ್ ಮಟ್ಟಕ್ಕೆ ಏರಿಸಿ ಅದೇ ಪುಟವನ್ನು ಮತ್ತೆ ತೆರೆಯಿರಿ. ಪೂರ್ತಿ ಎರರ್ ಕಾಣುತ್ತದೆ. ಕಾಪಿ ಮಾಡಿಕೊಂಡು ತಕ್ಷಣ ಡಿಬಗ್ಗಿಂಗ್ ಇಳಿಸಿ. ಸರ್ವರ್ ಒಳಗಿನ ದಾರಿಗಳೆಲ್ಲ ವಿದ್ಯಾರ್ಥಿಗಳಿಗೆ ಕಾಣುವುದು ಒಳ್ಳೆಯದಲ್ಲ.

ನೀವು ಏನೂ ಮಾಡದಿದ್ದರೂ ಸೈಟ್ ಕೆಡುವುದು ಹೇಗೆ

"ನಿನ್ನೆ ರಾತ್ರಿವರೆಗೂ ಚೊಲೊ ಇತ್ರಿ, ನಾವೇನೂ ಮುಟ್ಟಿಲ್ಲ." ಇದು ಸುಳ್ಳಲ್ಲ. ಮುಟ್ಟಿದ್ದು ಹೋಸ್ಟಿಂಗ್ ಕಂಪನಿ. ಮೂಡಲ್ ಬರೆದಿರುವುದು ಪಿಎಚ್‌ಪಿ ಭಾಷೆಯಲ್ಲಿ. ಪಿಎಚ್‌ಪಿ 7.4ಕ್ಕೆ ಅದನ್ನು ತಯಾರಿಸುವವರ ಬೆಂಬಲ 2022ರ ನವೆಂಬರ್‌ಗೆ ಮುಗಿಯಿತು. ಹೋಸ್ಟಿಂಗ್‌ನವರು ಒಂದು ದಿನ ಎಲ್ಲರನ್ನೂ 8ರ ಸಾಲಿಗೆ ಏರಿಸುತ್ತಾರೆ. ಒಂದು ಇಮೇಲ್ ಕಳಿಸಿಯೂ ಇರುತ್ತಾರೆ, ಅದನ್ನು ಯಾರೂ ಓದಿರುವುದಿಲ್ಲ. ಕೊರೊನಾ ಕಾಲದ ಮೂಡಲ್ 3.9 ನಡೆಯುವುದು ಪಿಎಚ್‌ಪಿ 7.2ರಿಂದ 7.4ರವರೆಗೆ ಮಾತ್ರ. 8ಕ್ಕೆ ಹೋದ ಕೂಡಲೇ ಬಿಳಿ ಪುಟ.

ಇದಕ್ಕೆ ಮದ್ದು ಸುಲಭ. ಸಿಪ್ಯಾನೆಲ್‌ನಲ್ಲಿ ಮಲ್ಟಿಪಿಎಚ್‌ಪಿ ಮ್ಯಾನೇಜರ್ ಅಥವಾ ಸೆಲೆಕ್ಟ್ ಪಿಎಚ್‌ಪಿ ವರ್ಷನ್ ಅಂತ ಇರುತ್ತದೆ. ನಿಮ್ಮ ಡೊಮೇನ್ ಗುರುತು ಹಾಕಿ 7.4 ಆರಿಸಿ. ಸೈಟ್ ಬರುತ್ತದೆ. ಪಟ್ಟಿಯಲ್ಲಿ 7.4 ಇಲ್ಲದಿದ್ದರೆ ಸಪೋರ್ಟ್‌ಗೆ ಬರೆದು ಕೆಲವು ದಿನಕ್ಕೆ ಕೊಡಿ ಅಂತ ಕೇಳಿ. ಕೇಳುವಾಗ "ಸೈಟ್ ಕೆಟ್ಟಿದೆ" ಅಂತ ಬರೆದರೆ "ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ" ಅನ್ನುವ ಉತ್ತರ ಬರುತ್ತದೆ. ಡೊಮೇನ್ ಹೆಸರು, ಎರರ್ ಸಾಲು, ಯಾವ ಪಿಎಚ್‌ಪಿ ಬೇಕು, ಎಷ್ಟು ದಿನಕ್ಕೆ ಬೇಕು ಎಲ್ಲ ಬರೆದರೆ ಕೆಲಸ ಬೇಗ ಆಗುತ್ತದೆ.

ಈಗ ಸೈಟ್ ನಡೆಯುತ್ತಿದೆ. ರಿಪೇರಿ ಮುಗಿಯಿತು. ಅಪ್‌ಗ್ರೇಡ್ ಮುಂದೂಡುವಂತಿಲ್ಲ ಅನ್ನುವುದೂ ಗೊತ್ತಾಯಿತು.

ಎಲ್ಲಿಗೆ ಏರಬೇಕು, ಯಾವ ದಾರಿ

ನನ್ನ ಸಲಹೆ ಮೂಡಲ್ 4.5. ಇದು 2024ರ ಅಕ್ಟೋಬರ್‌ನಲ್ಲಿ ಬಂದ ದೀರ್ಘ ಬೆಂಬಲದ ವರ್ಷನ್. ಭದ್ರತಾ ತಿದ್ದುಪಡಿ 2027ರ ಅಕ್ಟೋಬರ್‌ವರೆಗೆ ಸಿಗುತ್ತದೆ. ಅದರ ನಂತರದ 5.0, 5.1 ಬಂದಿವೆ, ನಿಜ. ಆದರೆ 5.1ರಿಂದ ಮೂಡಲ್ ಕೋಡ್‌ನ ಒಳಗೆ ಪಬ್ಲಿಕ್ ಎಂಬ ಹೊಸ ಫೋಲ್ಡರ್ ಬಂದಿದೆ, ಡೊಮೇನ್ ಅದರತ್ತ ತೋರುವಂತೆ ಬದಲಿಸಬೇಕು. ಚಾಟ್, ಸರ್ವೆ ಚಟುವಟಿಕೆಗಳನ್ನು 5.0ರಲ್ಲೇ ತೆಗೆದುಹಾಕಿದ್ದಾರೆ. ಸಿಪ್ಯಾನೆಲ್ ನಂಬಿಕೊಂಡ ಸಣ್ಣ ಸಂಸ್ಥೆಗೆ ಸುಮ್ನೆ ಯಾಕೆ ಈ ರಗಳೆ?

3.9ರಿಂದ ನೇರವಾಗಿ 4.5ಕ್ಕೆ ಹಾರಲು ಆಗುವುದಿಲ್ಲ. 4.5ಕ್ಕೆ ಬರಬೇಕೆಂದರೆ ಕನಿಷ್ಠ 4.1.2 ಇರಬೇಕು. 4.1ಕ್ಕೆ ಬರಲು ಕನಿಷ್ಠ 3.9. ಪಿಎಚ್‌ಪಿಯೂ ಜೊತೆಜೊತೆಗೆ ಏರಬೇಕು. ಹಾಗಾಗಿ ದಾರಿ ಹೀಗೆ:

1. ಪಿಎಚ್‌ಪಿ 7.4 ಇಟ್ಟುಕೊಂಡೇ ಮೂಡಲ್ 3.9ರಿಂದ 4.1ರ ಕೊನೆಯ ಬಿಡುಗಡೆಗೆ.
2. ಮೂಡಲ್ 4.1ರಲ್ಲಿದ್ದಾಗ ಪಿಎಚ್‌ಪಿಯನ್ನು 8.1ಕ್ಕೆ.
3. ಪಿಎಚ್‌ಪಿ 8.1ರಲ್ಲಿ ಮೂಡಲ್ 4.1ರಿಂದ 4.5ಕ್ಕೆ.
4. ಕೊನೆಗೆ ಪಿಎಚ್‌ಪಿಯನ್ನು 8.3ಕ್ಕೆ.

4.1 ಎಂಬುದು 7.4ರಲ್ಲೂ ನಡೆಯುತ್ತದೆ, 8.1ರಲ್ಲೂ ನಡೆಯುತ್ತದೆ. ಅದಕ್ಕೇ ಅದು ನಡುವಿನ ಮೆಟ್ಟಿಲು. ನಿಮ್ಮದು 3.5 ಆಗಿದ್ದರೆ ಮೊದಲು 3.9ಕ್ಕೆ ಬನ್ನಿ. ಇನ್ನೂ ಹಳೆಯದಾದರೆ ಗೊತ್ತಿದ್ದವರನ್ನು ಕರೆಸುವುದೇ ಒಳ್ಳೆಯದು.

ಡೇಟಾಬೇಸ್ ಕೂಡ ನೋಡಬೇಕು. 4.5ಕ್ಕೆ ಮೈಎಸ್‌ಕ್ಯೂಎಲ್ ಆದರೆ 8.0, ಮರಿಯಾಡಿಬಿ ಆದರೆ 10.6.7 ಕನಿಷ್ಠ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಇದನ್ನು ನೀವು ಬದಲಿಸಲು ಆಗುವುದಿಲ್ಲ. ಕಡಿಮೆ ಇದ್ದರೆ ಹೋಸ್ಟಿಂಗ್‌ನವರು ಬೇರೆ ಸರ್ವರ್‌ಗೆ ಸರಿಸಬೇಕು. ಇದನ್ನು ಕೆಲಸ ಶುರುವಾಗುವ ಮೊದಲೇ ಕೇಳಿ.

ಇದನ್ನೆಲ್ಲ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಮೂಡಲ್ ಒಳಗೇ ಒಂದು ಪುಟ ಇದೆ: ಸೈಟ್ ಅಡ್ಮಿನಿಸ್ಟ್ರೇಷನ್, ಸರ್ವರ್, ಎನ್ವಿರಾನ್‌ಮೆಂಟ್. ಅಲ್ಲಿ ಮೊದಲು ಅಪ್‌ಡೇಟ್ ಕಾಂಪೊನೆಂಟ್ ಒತ್ತಿ, ಆಮೇಲೆ ಮೇಲಿನ ಪಟ್ಟಿಯಲ್ಲಿ ನೀವು ಹೋಗಬೇಕಾದ ವರ್ಷನ್ ಆರಿಸಿ. ಏನು ಸಾಕು, ಏನು ಸಾಲದು ಅಂತ ಬಣ್ಣದಲ್ಲಿ ತೋರಿಸುತ್ತದೆ. ಎರಡು ಸಾಲು ಹೆಚ್ಚಾಗಿ ಕೆಂಪು ಇರುತ್ತವೆ. ಒಂದು, ಸೋಡಿಯಂ ಎಂಬ ಪಿಎಚ್‌ಪಿ ಎಕ್ಸ್‌ಟೆನ್ಷನ್. 4.2ರಿಂದ ಇದು ಕಡ್ಡಾಯ, ಪಿಎಚ್‌ಪಿ ಆರಿಸುವ ಪುಟದಲ್ಲೇ ಟಿಕ್ ಹಾಕಬಹುದು. ಇನ್ನೊಂದು, ಮ್ಯಾಕ್ಸ್ ಇನ್‌ಪುಟ್ ವಾರ್ಸ್, ಪಿಎಚ್‌ಪಿ 8ಕ್ಕೆ ಇದು 5000 ಇರಲೇಬೇಕು. ಇದು ಕಡಿಮೆ ಇದ್ದರೆ ದೊಡ್ಡ ಫಾರ್ಮ್‌ಗಳು ಅರ್ಧ ಮಾತ್ರ ಸೇವ್ ಆಗುತ್ತವೆ. 200 ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟಿಗೆ ತುಂಬಿ ಸೇವ್ ಮಾಡಿದಾಗ ಕೆಳಗಿನವರ ಅಂಕ ಮಾಯವಾದರೆ ಕಾರಣ ಇದೇ ಇರಬಹುದು.

ಮೊದಲು ಪ್ರತಿಯ ಮೇಲೆ ಮಾಡಿ

ಇಡೀ ಕೆಲಸದಲ್ಲಿ ಅತಿ ಮುಖ್ಯ ಭಾಗ ಇದು. ಅಸಲಿ ಸೈಟ್ ಮುಟ್ಟದೆ, ಅದರ ಪೂರ್ತಿ ಪ್ರತಿ ಮಾಡಿ, ಪ್ರತಿಯ ಮೇಲೆ ಅಪ್‌ಗ್ರೇಡ್ ಮಾಡಿ ನೋಡುವುದು. ಮೂಡಲ್ ಮೇಲೆ ಏರುತ್ತದೆ, ಕೆಳಗೆ ಇಳಿಯುವುದಿಲ್ಲ. ಹಿಂದಿನ ವರ್ಷನ್‌ಗೆ ಮರಳುವ ಬಟನ್ ಇಲ್ಲ.

ಟೆಸ್ಟ್ ಅನ್ನುವ ಒಂದು ಸಬ್‌ಡೊಮೇನ್ ಮಾಡಿ. ಕೋಡ್ ಫೋಲ್ಡರನ್ನು ಅದರೊಳಗೆ ಕಾಪಿ ಮಾಡಿ. ಮೂಡಲ್‌ಡೇಟಾವನ್ನು ಬೇರೆ ಹೆಸರಿನಲ್ಲಿ ಕಾಪಿ ಮಾಡಿ, ಕ್ಯಾಶ್, ಸೆಷನ್ಸ್, ಟೆಂಪ್, ಟ್ರ್ಯಾಶ್‌ಡಿರ್ ಬಿಟ್ಟರೂ ನಡೆಯುತ್ತದೆ. ಡೇಟಾಬೇಸನ್ನು ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಹೊಸ ಡೇಟಾಬೇಸ್ ಮಾಡಿ ಅದರೊಳಗೆ ಇಂಪೋರ್ಟ್ ಮಾಡಿ. ಫೈಲ್ ದೊಡ್ಡದಾಗಿ ಇಂಪೋರ್ಟ್ ನಡುವೆ ನಿಂತರೆ ಒದ್ದಾಡಬೇಡಿ, ಹೋಸ್ಟಿಂಗ್ ಸಪೋರ್ಟ್‌ನವರು ಇದನ್ನು ಮಾಡಿಕೊಡುತ್ತಾರೆ.

ಈಗ ಪ್ರತಿಯ ಕಾನ್ಫಿಗ್ ಫೈಲ್. ನೋಟ್‌ಬುಕ್ಕಿನಲ್ಲಿ ಬರೆದ ಆ ಐದೂ ಸಾಲನ್ನು ಹೊಸದಕ್ಕೆ ಬದಲಿಸಿ. ಇಲ್ಲಿ ಡೇಟಾಬೇಸ್ ಹೆಸರು ಬದಲಿಸುವುದು ತಪ್ಪಿದರೆ ಪ್ರತಿಯಲ್ಲಿ ಮಾಡಿದ್ದೆಲ್ಲ ಅಸಲಿ ಡೇಟಾಬೇಸ್‌ಗೇ ಆಗುತ್ತದೆ. ಪರೀಕ್ಷಿಸಲು ಒಂದು ಸುಲಭ ಉಪಾಯ: ಪ್ರತಿಗೆ ಲಾಗಿನ್ ಆಗಿ ಸೈಟಿನ ಹೆಸರನ್ನು "ಟ್ರಯಲ್ ಪ್ರತಿ" ಅಂತ ಬದಲಿಸಿ. ಆಮೇಲೆ ಅಸಲಿ ಸೈಟ್ ತೆರೆಯಿರಿ. ಅಲ್ಲಿ ಹಳೆಯ ಹೆಸರೇ ಇದ್ದರೆ ಮುಂದೆ ಹೋಗಿ. ಅಲ್ಲೂ "ಟ್ರಯಲ್ ಪ್ರತಿ" ಬಂದಿದ್ದರೆ ಅಲ್ಲೇ ನಿಲ್ಲಿ.

ಇಮೇಲ್ ವಿಷಯ ಮರೆಯಬೇಡಿ. ಪ್ರತಿಯಲ್ಲೂ ಎಲ್ಲ ವಿದ್ಯಾರ್ಥಿಗಳ ವಿಳಾಸ ಇದೆ. ಕಾನ್ಫಿಗ್ ಫೈಲಿನಲ್ಲಿ ನೋಇಮೇಲ್‌ಎವರ್ ಎಂಬ ಸೆಟ್ಟಿಂಗನ್ನು ಟ್ರೂ ಮಾಡಬೇಕು. ಮೂಡಲ್ ಜೊತೆಗೆ ಬರುವ ಕಾನ್ಫಿಗ್‌ನ ಮಾದರಿ ಫೈಲಿನಲ್ಲಿ ಈ ಸಾಲು ಸಿಗುತ್ತದೆ. ಪ್ರತಿಗೆ ಕ್ರಾನ್ (ಇಮೇಲ್ ಕಳಿಸುವಂಥ ಕೆಲಸಗಳನ್ನು ಆಗಾಗ ತಾನೇ ಓಡಿಸುವ ವ್ಯವಸ್ಥೆ) ಕೂಡ ಹಾಕಬೇಡಿ. ಇಲ್ಲದಿದ್ದರೆ ಒಂದೇ ನೋಟಿಸ್ ಎರಡೆರಡು ಸಲ ಹೋಗಿ ನಿಮ್ಮ ಫೋನ್ ಬಿಡುವಿಲ್ಲದೆ ರಿಂಗಣಿಸುತ್ತದೆ.

ಪ್ರತಿಯಲ್ಲಿ ಮೊದಲು ನೋಡಬೇಕಾದ್ದು ಕನ್ನಡ. ಒಂದು ಕನ್ನಡ ಹೆಸರಿನ ಕೋರ್ಸ್, ಒಂದು ಕನ್ನಡ ಪ್ರಶ್ನೆ ತೆರೆಯಿರಿ. ಎಲ್ಲ ಪ್ರಶ್ನಾರ್ಥಕ ಚಿಹ್ನೆಗಳೇ ಕಂಡರೆ ಎಕ್ಸ್‌ಪೋರ್ಟ್ ಮಾಡುವಾಗ ಅಕ್ಷರದ ಎನ್‌ಕೋಡಿಂಗ್ ತಪ್ಪಿದೆ. ಯುಟಿಎಫ್-8 ಆರಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಪ್ರಶ್ನಾರ್ಥಕ ಚಿಹ್ನೆಯಾಗಿ ಹೋದ ಅಕ್ಷರ ಮತ್ತೆ ಕನ್ನಡ ಆಗುವುದಿಲ್ಲ, ಅದಕ್ಕೇ ಅಸಲಿ ಸೈಟನ್ನು ಮುಟ್ಟದೆ ಇಟ್ಟುಕೊಂಡಿರುವುದು. ಇದರ ಬದಲು ಇಂಗ್ಲಿಷ್ ಅಕ್ಷರಗಳ ಮೇಲೆ ಚಿಕ್ಕೆ, ಗೆರೆ ಇರುವ ಅರ್ಥವಿಲ್ಲದ ಸಾಲು ಕಂಡರೆ ಕಥೆ ಬೇರೆ. ಯಾರೋ ನುಡಿಯ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಪೇಸ್ಟ್ ಮಾಡಿದ್ದಾರೆ. ಇದು ಅಸಲಿ ಸೈಟ್‌ನಲ್ಲೂ ಹಾಗೇ ಇರುತ್ತದೆ, ಅಪ್‌ಗ್ರೇಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಯುನಿಕೋಡ್‌ಗೆ ಪರಿವರ್ತಿಸಿ ಮತ್ತೆ ಹಾಕಬೇಕು, ಅಷ್ಟೇ.

ಅಪ್‌ಗ್ರೇಡ್ ಮಾಡುವ ಕ್ರಮ

ಈ ಕ್ರಮ ಪ್ರತಿಗೂ ಅದೇ, ಅಸಲಿಗೂ ಅದೇ. ಎರಡು ಮೆಟ್ಟಿಲಿಗೂ ಒಂದೊಂದು ಸಲ ಮಾಡಬೇಕು.

ಥೀಮ್ ಅನ್ನು ಬೂಸ್ಟ್‌ಗೆ ಬದಲಿಸಿ. ಅದು ಮೂಡಲ್‌ನ ಸ್ವಂತ ಥೀಮ್, ಅಪ್‌ಗ್ರೇಡ್‌ನಲ್ಲಿ ಕೈಕೊಡುವುದಿಲ್ಲ. ಪ್ಲಗಿನ್ ಪಟ್ಟಿ ತೆರೆದು ಹೊರಗಿನಿಂದ ಹಾಕಿದವು ಯಾವುವು ಅಂತ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಹೊಸ ವರ್ಷನ್‌ಗೆ ಸರಿಹೊಂದುವ ಪ್ರತಿ ಮೂಡಲ್‌ನ ಅಧಿಕೃತ ಪ್ಲಗಿನ್ ಪಟ್ಟಿಯಲ್ಲಿ ಇದೆಯಾ ನೋಡಿ ಡೌನ್‌ಲೋಡ್ ಮಾಡಿ. ಆನ್‌ಲೈನ್ ತರಗತಿಯ ಬಿಗ್‌ಬ್ಲೂಬಟನ್ ಹುಡುಕಬೇಡಿ, 4.0ರಿಂದ ಅದು ಮೂಡಲ್ ಒಳಗೇ ಬಂದಿದೆ.

ಮೆಂಟೆನೆನ್ಸ್ ಮೋಡ್ ಹಾಕಿ, ಕ್ರಾನ್ ನಿಲ್ಲಿಸಿ, ಆಮೇಲೆ ಮೂರರ ಬ್ಯಾಕಪ್ ತೆಗೆಯಿರಿ: ಕೋಡ್, ಡೇಟಾಬೇಸ್, ಮೂಡಲ್‌ಡೇಟಾ. ಕೋರ್ಸ್ ಬ್ಯಾಕಪ್ ಎಂಬಿಝಡ್ ಫೈಲ್ ಇದೆ ಸಾಕು ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ಒಂದು ಕೋರ್ಸಿನದು, ಸೈಟಿನದಲ್ಲ.

ಹೊಸ ಮೂಡಲ್‌ನ ಜಿಪ್ ಫೈಲನ್ನು ಜಿಪ್ ಆಗಿಯೇ ಅಪ್‌ಲೋಡ್ ಮಾಡಿ, ಸಿಪ್ಯಾನೆಲ್‌ನಲ್ಲೇ ಎಕ್ಸ್‌ಟ್ರ್ಯಾಕ್ಟ್ ಮಾಡಿ. ಕಂಪ್ಯೂಟರ್‌ನಲ್ಲಿ ಬಿಚ್ಚಿ ಸಾವಿರಾರು ಫೈಲ್‌ಗಳನ್ನು ಎಫ್‌ಟಿಪಿಯಲ್ಲಿ ಏರಿಸಲು ಹೋದರೆ ನಡುವೆ ಕರೆಂಟ್ ಹೋಗುತ್ತದೆ, ಯಾವ ಫೈಲ್ ಬಂತು, ಯಾವುದು ಬರಲಿಲ್ಲ ಅಂತ ದೇವರಿಗೇ ಗೊತ್ತು.

ಹೊಸ ಕೋಡನ್ನು ಹಳೆಯದರ ಮೇಲೆ ಸುರಿಯಬಾರದು. ಹಳೆಯ ಫೋಲ್ಡರ್‌ನ ಹೆಸರು ಬದಲಿಸಿ ಪಕ್ಕಕ್ಕಿಡಿ, ಹೊಸದನ್ನು ಆ ಜಾಗಕ್ಕೆ ತನ್ನಿ. ಮೇಲೆ ಸುರಿದರೆ ಹಳೆಯ ಕೆಲವು ಫೈಲ್ ಉಳಿದುಕೊಂಡು "ಮಿಶ್ರ ಮೂಡಲ್ ವರ್ಷನ್ ಪತ್ತೆಯಾಗಿದೆ, ಅಪ್‌ಗ್ರೇಡ್ ಮುಂದುವರಿಯುವುದಿಲ್ಲ" ಅನ್ನುವ ಅರ್ಥದ ಎರರ್ ಬರುತ್ತದೆ. ಆಮೇಲೆ ಹಳೆಯ ಕಾನ್ಫಿಗ್ ಫೈಲನ್ನು ಹೊಸ ಫೋಲ್ಡರ್‌ಗೆ ಕಾಪಿ ಮಾಡಿ. ಡೌನ್‌ಲೋಡ್ ಮಾಡಿದ ಹೊಸ ಪ್ಲಗಿನ್‌ಗಳನ್ನು ಅವುಗಳ ಜಾಗಕ್ಕೆ ಹಾಕಿ.

ಇಲ್ಲೊಂದು ಸಣ್ಣ ಕೊಕ್ಕೆ ಇದೆ. ಮೂಡಲ್ ನೇರವಾಗಿ ಪಬ್ಲಿಕ್ ಎಚ್‌ಟಿಎಂಎಲ್‌ನಲ್ಲೇ ಇದ್ದರೆ ಅಲ್ಲಿ ಎಚ್‌ಟಿಆಕ್ಸೆಸ್ ಎಂಬ, ಚುಕ್ಕೆಯಿಂದ ಶುರುವಾಗುವ ಅಡಗಿದ ಫೈಲ್ ಇರುತ್ತದೆ. ಫೈಲ್ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಲ್ಲಿ ಅಡಗಿದ ಫೈಲ್ ತೋರಿಸು ಅಂತ ಟಿಕ್ ಹಾಕಿದರೆ ಮಾತ್ರ ಕಾಣುತ್ತದೆ. ನೀವು ಆರಿಸಿದ ಪಿಎಚ್‌ಪಿ ವರ್ಷನ್ ಬರೆದಿರುವುದು ಹಲವು ಸಲ ಇದರೊಳಗೇ. ಇದನ್ನೂ ಹಳೆಯ ಕೋಡ್ ಜೊತೆ ಪಕ್ಕಕ್ಕೆ ಸರಿಸಿಬಿಟ್ಟರೆ ಪಿಎಚ್‌ಪಿ ಸದ್ದಿಲ್ಲದೆ ಹೋಸ್ಟಿಂಗ್‌ನ ಮಾಮೂಲಿ ವರ್ಷನ್‌ಗೆ ಹೋಗುತ್ತದೆ.

ಈಗ ಬ್ರೌಸರ್‌ನಲ್ಲಿ ಅಡ್ಮಿನ್ ಆಗಿ ಸೈಟ್ ತೆರೆಯಿರಿ. ಮೂಡಲ್ ತಾನೇ ಅಪ್‌ಗ್ರೇಡ್ ಪುಟಕ್ಕೆ ಒಯ್ಯುತ್ತದೆ. ಎನ್ವಿರಾನ್‌ಮೆಂಟ್ ಪರೀಕ್ಷೆ, ಪ್ಲಗಿನ್ ಪರೀಕ್ಷೆ, ಆಮೇಲೆ ಅಪ್‌ಗ್ರೇಡ್. ಕಂಟಿನ್ಯೂ ಒತ್ತುತ್ತಾ ಹೋಗಿ. 3.9ರಿಂದ 4.1ಕ್ಕೆ ಹೋಗುವಾಗ ಒಂದು ಕಡೆ ತುಂಬ ಹೊತ್ತು ನಿಲ್ಲಬಹುದು. 4.0ರಲ್ಲಿ ಪ್ರಶ್ನೆ ಬ್ಯಾಂಕಿನ ರಚನೆಯನ್ನೇ ಬದಲಿಸಿದ್ದಾರೆ, ಪ್ರತಿ ಪ್ರಶ್ನೆಗೂ ವರ್ಷನ್ ಇಡುತ್ತದೆ. ಕೋಚಿಂಗ್ ಕೇಂದ್ರದ ಸೈಟ್‌ನಲ್ಲಿ ಹತ್ತಾರು ಸಾವಿರ ಪ್ರಶ್ನೆ ಇದ್ದರೆ ಎಲ್ಲವನ್ನೂ ಹೊಸ ರಚನೆಗೆ ಸರಿಸಬೇಕಲ್ಲ. ಪದೇ ಪದೇ ರಿಫ್ರೆಶ್ ಒತ್ತಬೇಡಿ. ಪುಟ ಟೈಮ್‌ಔಟ್ ಆದರೂ ಸ್ವಲ್ಪ ಹೊತ್ತು ಬಿಟ್ಟು ಒಂದೇ ಸಲ ತೆರೆಯಿರಿ. ಪ್ರತಿಯಲ್ಲಿ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಂಡರೆ ಅಸಲಿ ದಿನ ಗಾಬರಿ ಇರುವುದಿಲ್ಲ.

ಅಸಲಿ ಸೈಟಿಗೆ ದಿನ ಆರಿಸುವುದೂ ಒಂದು ಕೆಲಸವೇ. ನಮ್ಮಲ್ಲಿ ಸಂಕ್ರಾಂತಿ ಹೊತ್ತಿನ ಸಿದ್ಧೇಶ್ವರ ಜಾತ್ರೆ ಒಳ್ಳೆಯ ಸಮಯ. ಹುಡುಗರು ಜಾತ್ರೆಯಲ್ಲಿರುತ್ತಾರೆ, ಸೈಟ್ ಕಡೆ ಯಾರೂ ಬರುವುದಿಲ್ಲ. ಇಂಟರ್ನಲ್ಸ್ ಇರುವ ವಾರ, ಅಸೈನ್‌ಮೆಂಟ್ ಕೊನೆಯ ದಿನ ಇರುವ ವಾರ ಬೇಡವೇ ಬೇಡ.

ಬಾಗಿಲು ತೆರೆಯುವ ಮುನ್ನ

ಅಪ್‌ಗ್ರೇಡ್ ಮುಗಿಯಿತು ಅಂತ ಮೆಂಟೆನೆನ್ಸ್ ತಕ್ಷಣ ತೆಗೆಯಬೇಡಿ. ವಿದ್ಯಾರ್ಥಿಗಳು ಒಳಗೆ ಬಂದು ಕ್ವಿಜ್ ಬರೆದ ಮೇಲೆ ದೊಡ್ಡ ತೊಂದರೆ ಕಂಡು ಹಳೆಯ ಬ್ಯಾಕಪ್ ಹಾಕಿದರೆ ಅವರು ಬರೆದದ್ದು ಹೋಗುತ್ತದೆ. ಈ ಮುಚ್ಚಿದ ಹೊತ್ತಿನಲ್ಲೇ ಅಡ್ಮಿನ್ ಲಾಗಿನ್‌ನಿಂದ ನೋಡಬಹುದಾದ್ದನ್ನೆಲ್ಲ ನೋಡಿ: ಒಂದು ಹಳೆಯ ಕ್ವಿಜ್‌ನ ಫಲಿತಾಂಶ, ಒಂದು ಅಸೈನ್‌ಮೆಂಟ್‌ನ ಪಿಡಿಎಫ್, ಅಂಕಪಟ್ಟಿ, ಒಂದು ಕೋರ್ಸ್ ಪುಟ. ಪರ್ಜ್ ಕ್ಯಾಶಸ್ ಒಮ್ಮೆ ಒತ್ತಿ. ಕನ್ನಡ ಭಾಷಾ ಪ್ಯಾಕ್ ಹಾಕಿದ್ದರೆ ಅದನ್ನೂ ಅಪ್‌ಡೇಟ್ ಮಾಡಿ.

ಕ್ರಾನ್ ಮತ್ತೆ ಚಾಲೂ ಮಾಡುವಾಗ ಅದರ ಸಾಲನ್ನು ಗಮನಿಸಿ. ವೆಬ್‌ಸೈಟಿನ ಪಿಎಚ್‌ಪಿಯನ್ನು ನೀವು 8.3 ಮಾಡಿರುತ್ತೀರಿ, ಆದರೆ ಕ್ರಾನ್ ಸಾಲಿನಲ್ಲಿ ಹಳೆಯ 7.4ರ ದಾರಿಯೇ ಇರಬಹುದು. ಆಗ ಸೈಟ್ ಚೆನ್ನಾಗಿ ಕಾಣುತ್ತದೆ, ಇಮೇಲ್ ಮಾತ್ರ ಒಂದೂ ಹೋಗುವುದಿಲ್ಲ. ಸರಿಯಾದ ದಾರಿ ಯಾವುದು ಅಂತ ಹೋಸ್ಟಿಂಗ್ ಸಪೋರ್ಟ್ ಹೇಳುತ್ತಾರೆ. ಕ್ರಾನ್ ನಿಮಿಷಕ್ಕೊಮ್ಮೆ ಓಡಬೇಕು ಅನ್ನುವುದು ಮೂಡಲ್‌ನವರ ಸಲಹೆ. ಹೋಸ್ಟಿಂಗ್ ಒಪ್ಪದಿದ್ದರೆ ಐದು ನಿಮಿಷ ಇಡಿ.

ಸರ್ಟಿಫಿಕೇಟ್ ಕೊಡುವವರು ಪಿಡಿಎಫ್ ತೆಗೆದು ನೋಡಿ. ಕನ್ನಡದ ಒತ್ತಕ್ಷರ ಒಡೆದು ಕಂಡರೆ ಅದು ಅಪ್‌ಗ್ರೇಡ್ ತಪ್ಪಲ್ಲ. ಮೂಡಲ್ ಪಿಡಿಎಫ್ ಮಾಡಲು ಬಳಸುವ ಟಿಸಿಪಿಡಿಎಫ್‌ಗೆ ನಮ್ಮ ಲಿಪಿಯ ಜೋಡಣೆ ಬರುವುದಿಲ್ಲ. ಕನ್ನಡದ ಸಾಲುಗಳನ್ನೆಲ್ಲ ಹಿನ್ನೆಲೆ ಚಿತ್ರದಲ್ಲೇ ಹಾಕಿ, ಹೆಸರು ಮಾತ್ರ ಇಂಗ್ಲಿಷಿನಲ್ಲಿ ಬರುವಂತೆ ಮಾಡಿಕೊಂಡರೆ ಸದ್ಯಕ್ಕೆ ನಡೆಯುತ್ತದೆ.

ಶಿಕ್ಷಕರಿಗೆ ಮೊದಲೇ ಒಂದು ವಾಟ್ಸಾಪ್ ಸಂದೇಶ ಹಾಕಿ. ಮುಖ ಬದಲಾಗಿದೆ. "ಟರ್ನ್ ಎಡಿಟಿಂಗ್ ಆನ್" ಬಟನ್ ಕಾಣೆಯಾಗಿ ಬಲಗಡೆ ಮೇಲೆ "ಎಡಿಟ್ ಮೋಡ್" ಎಂಬ ಸ್ವಿಚ್ ಬಂದಿದೆ. ಕೋರ್ಸಿನ ಪಾಠಗಳ ಪಟ್ಟಿ ಎಡಗಡೆ ಬಂದಿದೆ, ಬ್ಲಾಕ್‌ಗಳು ಬಲಗಡೆ ಮಡಚಿಕೊಂಡಿವೆ. ಎರಡು ಸ್ಕ್ರೀನ್‌ಶಾಟ್ ಮೇಲೆ ಕೆಂಪು ಬಾಣ ಹಾಕಿ ಕಳಿಸಿದರೆ ಆ ವಾರದ ಅರ್ಧ ಫೋನ್ ಕರೆಗಳು ಬರುವುದಿಲ್ಲ. ಉಳಿದರ್ಧ ಬಂದೇ ಬರುತ್ತವೆ.

ಪಕ್ಕಕ್ಕಿಟ್ಟ ಹಳೆಯ ಕೋಡ್ ಫೋಲ್ಡರನ್ನು ಪಬ್ಲಿಕ್ ಎಚ್‌ಟಿಎಂಎಲ್ ಒಳಗೆ ಬಿಡಬೇಡಿ. ಹೊರಗಿನವರು ವಿಳಾಸ ಊಹಿಸಿ ಆ ಹಳೆಯ ಕೋಡನ್ನು ತೆರೆಯಬಹುದು. ಅದನ್ನು ಹೋಮ್ ಫೋಲ್ಡರ್‌ಗೆ ಸರಿಸಿ. ಟೆಸ್ಟ್ ಸಬ್‌ಡೊಮೇನ್, ಅದರ ಡೇಟಾಬೇಸ್, ಅದರ ಮೂಡಲ್‌ಡೇಟಾ ಪ್ರತಿ ಮೂರನ್ನೂ ಕೆಲಸ ಮುಗಿದ ಮೇಲೆ ಅಳಿಸಿ. ಅಳಿಸುವ ಮೊದಲು ಡೇಟಾಬೇಸ್ ಹೆಸರನ್ನು ನೋಟ್‌ಬುಕ್ಕಿನೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿ, ಎರಡರ ಹೆಸರೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ.